ಪ್ರೇಕ್ಷಕನ ಪಾಠ: ಹೈದರಾಬಾದಿನ ಚಿಕ್ಕ ರಂಗಮಂದಿರಗಳನ್ನು ಕುರಿತು

೧

ವಿಭಾಗದ ಸಂಸ್ಮರಣ ಸಂಪುಟಕ್ಕೆ ಬರೆಯುವಾಗ ಶಾಸನ, ಛಂದಸ್ಸು, ವಚನ, ವ್ಯಾಕರಣಗಳಂಥ ಗಂಭೀರ ವಿಷಯಗಳನ್ನು ಎತ್ತಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ನಾನೂ ಇದುವರೆಗೆ ಹಾಗೆಯೇ ಬರೆದವನು. ಈ ಸಲ ಸಂಪಾದಕ ಮಿತ್ರರ ಅನುಮತಿ ಪಡೆದು, ಲಘುವೆಂದು ತೋರಬಹುದಾದ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ. ಸಂಜೆಯ ಹೊತ್ತು ಊರಿನ ಟಾಕೀಸಿಗೋ ಚಿಕ್ಕ ನಾಟಕಗೃಹಕ್ಕೋ ಹೋಗಿ, ಹತ್ತು ಜನರ ನಡುವೆ ಕುಳಿತು, ಒಂದು ಆಟ ನೋಡಿಕೊಂಡು ಬರುವುದೇ ಆ ವಿಷಯ. ಇದು ವಿರಾಮಕ್ಕೆ ಸಂಬಂಧಿಸಿದ್ದು, ವಿದ್ವತ್ತಿಗೆ ಸಂಬಂಧಿಸಿದ್ದಲ್ಲ ಎಂದು ಕೆಲವರು ಹೇಳಬಹುದು. ನನ್ನ ಅಭಿಪ್ರಾಯ ಬೇರೆ. ಕನ್ನಡ ವಿಭಾಗವೊಂದರ ಕರ್ತವ್ಯಗಳಲ್ಲಿ ಇದೂ ಸೇರಬೇಕಾಗಿತ್ತು. ಅದನ್ನು ನಾವು ಕೈಬಿಟ್ಟೆವು. ಕೈಬಿಟ್ಟದ್ದರಿಂದ ನಮ್ಮ ಪಾಠಕ್ಕೂ ನಮ್ಮ ವಿದ್ಯಾರ್ಥಿಗಳಿಗೂ ನಷ್ಟವಾಗಿದೆ. ಈ ಮಾತನ್ನು ಸಮರ್ಥಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೈದರಾಬಾದು ಕನ್ನಡಕ್ಕೆ ಹೊರಗಿನ ಊರಲ್ಲ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಹೇಳುವ 'ಕವಿರಾಜಮಾರ್ಗ' ಹುಟ್ಟಿದ ಮಾನ್ಯಖೇಟ ನಿಜಾಮರ ಕಾಲದಲ್ಲಿ ಈ ಸಂಸ್ಥಾನದ ಭಾಗವೇ ಆಗಿತ್ತು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ೧೯೫೬ರ ನವೆಂಬರ್ ೧ರವರೆಗೆ ಇದೇ ರಾಜಧಾನಿ. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಡಿ.ಕೆ. ಭೀಮಸೇನರಾಯರಂಥ ಹಿರಿಯರು ಕನ್ನಡವನ್ನು ಕಲಿಸಿದರು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗನ ಹೆಸರಿನ ಶಾಲೆಯೂ ಎದ್ದವು. ನಮ್ಮ ಹಿರಿಯರು ಈ ಸಂಸ್ಥೆಗಳನ್ನು ಕಟ್ಟಿದ ಕಥೆ ಹಲವು ಕಡೆ ದಾಖಲಾಗಿದೆ. ಆ ಹಿರಿಯರು, ಅವರ ಮನೆಯವರು, ಹೋಟೆಲುಗಳಲ್ಲಿ ಕಚೇರಿಗಳಲ್ಲಿ ದುಡಿಯಲು ಬಂದ ಸಾಮಾನ್ಯ ಕನ್ನಡಿಗರು ಸಂಜೆಯ ಹೊತ್ತನ್ನು ಎಲ್ಲಿ ಕಳೆದರು, ಏನು ನೋಡಿದರು, ಯಾವ ಭಾಷೆಯಲ್ಲಿ ನಕ್ಕರು ಎಂಬುದನ್ನು ನಾವಾರೂ ಬರೆದಿಟ್ಟಿಲ್ಲ. ಪ್ರೇಕ್ಷಕನನ್ನು ಅಧ್ಯಯನಕ್ಕೆ ಯೋಗ್ಯನೆಂದು ನಾವು ಎಣಿಸದಿರುವುದೇ ಇದಕ್ಕೆ ಕಾರಣ.

೨

ಹೈದರಾಬಾದಿಗೂ ಸಿನಿಮಾಕ್ಕೂ ಇರುವ ನಂಟು ಹಳೆಯದು. ಬಂಗಾಳದ ಧೀರೇಂದ್ರನಾಥ ಗಂಗೂಲಿಯವರು ನಿಜಾಮರ ಆಶ್ರಯದಲ್ಲಿ ಇಲ್ಲಿ ಲೋಟಸ್ ಫಿಲ್ಮ್ ಕಂಪನಿಯನ್ನು ಆರಂಭಿಸಿದ್ದು ೧೯೨೦ರ ದಶಕದ ಮೊದಲ ವರ್ಷಗಳಲ್ಲಿ. ೧೯೨೪ರಲ್ಲಿ 'ರಜಿಯಾ ಬೇಗಂ' ಎಂಬ ಚಿತ್ರವನ್ನು ತೋರಿಸಿದ ಕಾರಣಕ್ಕೆ ಅವರು ಸಂಸ್ಥಾನವನ್ನೇ ಬಿಟ್ಟು ಹೋಗಬೇಕಾಯಿತು. ಮುಸ್ಲಿಂ ರಾಣಿಯೊಬ್ಬಳು ಹಿಂದೂ ಪ್ರಜೆಯನ್ನು ಪ್ರೀತಿಸಿದ ಕಥೆ ಅದು. ಚಿತ್ರಮಂದಿರದೊಳಗಿನ ಕತ್ತಲೆಯಲ್ಲಿ ನಡೆಯುವುದು ಬರಿಯ ವಿನೋದವಲ್ಲ ಎಂಬುದನ್ನು ವಿದ್ವಾಂಸರಿಗಿಂತ ಮೊದಲು ದೊರೆಗಳು ಅರಿತಿದ್ದರೆಂಬುದಕ್ಕೆ ಈ ಪ್ರಸಂಗ ಸಾಕ್ಷಿ. ಟಾಕೀಸುಗಳ ಸುತ್ತ ಒಂದು ಜನಜೀವನವೇ ಬೆಳೆಯಿತು. ಇಂದು ದೇಶವೆಲ್ಲ ಬಲ್ಲ ಪ್ಯಾರಡೈಸ್ ಬಿರಿಯಾನಿಯ ಮನೆ ೧೯೫೩ರಲ್ಲಿ ಸಿಕಂದರಾಬಾದಿನ ಅದೇ ಹೆಸರಿನ ಚಿತ್ರಮಂದಿರದ ಆಸರೆಯಲ್ಲಿ ಒಂದು ಚಿಕ್ಕ ಕ್ಯಾಂಟೀನಾಗಿ ಹುಟ್ಟಿದ್ದು.

ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರಿಂದ ಎಂ.ಎ. ಓದಲು ಈ ನಗರಕ್ಕೆ ಬಂದದ್ದು ೧೯೯೦ರಲ್ಲಿ. ವಸತಿಗೃಹದ ಗೆಳೆಯರೊಡನೆ ಆರ್‌ಟಿಸಿ ಕ್ರಾಸ್‌ರೋಡ್ಸಿಗೆ ನಡೆದುಹೋಗಿ ಸುದರ್ಶನ್, ದೇವಿ, ಸಂಧ್ಯಾ ಮುಂತಾದ ಚಿತ್ರಮಂದಿರಗಳಲ್ಲಿ ಸೆಕೆಂಡ್ ಶೋ ನೋಡಿ, ಮಧ್ಯರಾತ್ರಿಯ ಮೇಲೆ ಇರಾನಿ ಹೋಟೆಲೊಂದರ ಬಾಗಿಲು ಮುಚ್ಚುವ ಮೊದಲು ಒಂದು ಚಹಾವನ್ನು ಇಬ್ಬರು ಹಂಚಿಕೊಂಡು ಕುಡಿದು ಹಿಂದಿರುಗುತ್ತಿದ್ದೆವು. ನನಗೆ ತೆಲುಗು ಬಂದದ್ದು ಮುಂದಿನ ಸಾಲಿನ ಆ ಅಗ್ಗದ ಬೆಂಚುಗಳ ಮೇಲೆ. ಪಕ್ಕದವರು ಎಲ್ಲಿ ನಕ್ಕರೋ ಅಲ್ಲಿ ನಗಬೇಕೆಂದು ಮೊದಲು ಕಲಿತೆ. ಏಕೆ ನಕ್ಕರೆಂಬುದು ನಿಧಾನವಾಗಿ ತಿಳಿಯಿತು. ಮರುದಿನ ತರಗತಿಯಲ್ಲಿ ಮಾತ್ರ ಈ ಸಂಗತಿಯನ್ನು ನಮ್ಮ ಗುರುಗಳಿಂದ ಮುಚ್ಚಿಡುತ್ತಿದ್ದೆವು. ಸಿನಿಮಾ ನೋಡುವುದು ಓದುವ ಹುಡುಗರ ಲಕ್ಷಣವಲ್ಲವೆಂಬ ನಂಬಿಕೆ ನಮ್ಮಲ್ಲೂ ಇತ್ತು.

ಅದೇ ತರಗತಿಯಲ್ಲಿ ನಾವು ಭರತನ 'ನಾಟ್ಯಶಾಸ್ತ್ರ'ವನ್ನು ಓದುತ್ತಿದ್ದೆವು. ಪ್ರಯೋಗದ ಸಿದ್ಧಿಯನ್ನು ಕುರಿತ ಅಧ್ಯಾಯದಲ್ಲಿ ಭರತನು ನಾಟಕ ಗೆದ್ದಿತೋ ಇಲ್ಲವೋ ಎಂಬುದನ್ನು ಪ್ರೇಕ್ಷಕರ ಬಾಯಿಂದಲೂ ಮೈಯಿಂದಲೂ ತಿಳಿಯಬೇಕೆಂದು ಹೇಳುತ್ತಾನೆ. ಮುಗುಳ್ನಗೆ, ಅರ್ಧ ನಗೆ, ಗಹಗಹಿಸುವ ನಗೆ, 'ಸಾಧು', 'ಅಹೋ', 'ಕಷ್ಟಂ' ಎಂಬ ಉದ್ಗಾರಗಳು, ಏರುವ ಕೋಲಾಹಲ ಇವು ವಾಚಿಕ ಸಿದ್ಧಿಯ ಗುರುತುಗಳು. ಮೈ ಪುಲಕಗೊಳ್ಳುವುದು, ಆಸನದಿಂದ ಥಟ್ಟನೆ ಏಳುವುದು, ಮೇಲುವಸ್ತ್ರವನ್ನು ಎಸೆಯುವುದು ಶಾರೀರಿಕ ಸಿದ್ಧಿಯ ಗುರುತುಗಳು. ಎದುರಾಳಿಗಳು ಕೂಗಾಡಿ, ಸಗಣಿ ಹೆಂಟೆಗಳನ್ನು ಎರಚಿ ಆಟ ಕೆಡಿಸುವುದನ್ನೂ ಆತ ಬಿಟ್ಟಿಲ್ಲ. ಕ್ರಾಸ್‌ರೋಡ್ಸಿನಲ್ಲಿ ನಾಯಕನ ಪ್ರವೇಶಕ್ಕೆ ಸೀಟಿ ಹೊಡೆದು ಕಾಗದದ ಚೂರುಗಳನ್ನು ತೂರುತ್ತಿದ್ದವರು ಭರತನ ಪಟ್ಟಿಯಲ್ಲಿ ಸುಲಭವಾಗಿ ಸೇರುತ್ತಿದ್ದರು. ಹಗಲು ಓದಿದ ಗ್ರಂಥಕ್ಕೆ ರಾತ್ರಿ ಸಿಕ್ಕ ಭಾಷ್ಯ ಅದಾಗಿತ್ತು. ಎರಡನ್ನೂ ಜೋಡಿಸಿ ನೋಡಲು ನಮಗೆ ಯಾರೂ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ.

೩

ಸಿನಿಮಾದ ಮಾತು ಹಾಗಿರಲಿ. ನಾಟಕದ ವಿಷಯದಲ್ಲಿ ನನ್ನಿಂದಾದ ತಪ್ಪು ಇನ್ನೂ ದೊಡ್ಡದು. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ನನ್ನ ಪಿಎಚ್.ಡಿ. ಮಹಾಪ್ರಬಂಧ ಕನ್ನಡ ವೃತ್ತಿರಂಗಭೂಮಿಯ ನಾಟಕ ಸಾಹಿತ್ಯವನ್ನು ಕುರಿತದ್ದು. ೧೮೮೪ರಲ್ಲಿ ಆರಂಭವಾದ ಗುಬ್ಬಿ ಕಂಪನಿ, ಅದನ್ನು ಕೀರ್ತಿಶಿಖರಕ್ಕೆ ಒಯ್ದ ವೀರಣ್ಣನವರು, 'ಕುರುಕ್ಷೇತ್ರ' ನಾಟಕದಲ್ಲಿ ಆನೆ ಕುದುರೆಗಳನ್ನು ರಂಗಕ್ಕೆ ತಂದ ಅವರ ವೈಭವ, ಸುರುಳಿ ಪರದೆಗಳು, ಟ್ರಿಕ್ ಸೀನುಗಳು ಇವೆಲ್ಲವನ್ನೂ ನಾನು ಹಳೆಯ ಪತ್ರಿಕೆಗಳಿಂದ, ಆತ್ಮಕಥನಗಳಿಂದ, ಅಚ್ಚಾದ ನಾಟಕಗಳಿಂದ ಸಂಗ್ರಹಿಸಿ ಬರೆದೆ. ನಾನು ಗ್ರಂಥಾಲಯದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದ ಕಾಲಕ್ಕೆ, ಇದೇ ನಗರದ ಸಾರ್ವಜನಿಕ ಉದ್ಯಾನದಲ್ಲಿರುವ ಲಲಿತ ಕಲಾ ತೋರಣದಲ್ಲಿ ಅಂಥ ಕಂಪನಿಯೊಂದು ಸಂಜೆಯ ಆಟಗಳನ್ನು ಆಡುತ್ತಿತ್ತು. ಅದೇ ಸುರಭಿ. ೧೮೮೫ರಲ್ಲಿ, ಎಂದರೆ ಗುಬ್ಬಿ ಕಂಪನಿ ಹುಟ್ಟಿದ ಮರುವರ್ಷ, ಕಡಪಾ ಜಿಲ್ಲೆಯ ಸುರಭಿ ಗ್ರಾಮದಲ್ಲಿ ವನಾರಸ ಗೋವಿಂದರಾಯರು 'ಕೀಚಕವಧೆ'ಯಿಂದ ಆರಂಭಿಸಿದ ತೆಲುಗು ನಾಟಕ ಕುಟುಂಬವದು. ನಟರು, ವಾದ್ಯದವರು, ಪರದೆ ಎಳೆಯುವವರು, ಬೆಳಕಿನವರು ಎಲ್ಲರೂ ಬಂಧುಗಳೇ. ಆ ಮನೆತನದ ಕೂಸುಗಳು ತೊಟ್ಟಿಲಲ್ಲಿರುವಾಗಲೇ ಬಾಲಕೃಷ್ಣನಾಗಿಯೋ ಲೋಹಿತಾಶ್ವನಾಗಿಯೋ ರಂಗವೇರುವುದುಂಟು. ಒಂದು ಕಾಲಕ್ಕೆ ಹಲವು ಹತ್ತು ಶಾಖೆಗಳಾಗಿ ಹರಡಿದ್ದ ಈ ಕುಟುಂಬದ ತಂಡಗಳು ಇಂದು ಬೆರಳೆಣಿಕೆಗೆ ಇಳಿದಿವೆ. ನಗರದ ಅಂಚಿನ ಲಿಂಗಂಪಲ್ಲಿಯಲ್ಲಿ ಅವರ ಹೆಸರಿನದೇ ಒಂದು ಕಾಲೋನಿಯಿದೆ. ತಂಡವನ್ನು ನಡೆಸಿದ ನಾಗೇಶ್ವರರಾಯರಿಗೆ ೨೦೧೩ರಲ್ಲಿ ಪದ್ಮಶ್ರೀ ಬಂತು. ೨೦೨೨ರಲ್ಲಿ ಅವರು ತೀರಿಕೊಂಡರು.

ಮಹಾಪ್ರಬಂಧ ಬರೆದು ಮುಗಿಸುವವರೆಗೆ ನಾನು ಒಂದು ಸಂಜೆಯೂ ಅಲ್ಲಿಗೆ ಹೋಗಲಿಲ್ಲ. ಅದು ತೆಲುಗಿನದು, ನನ್ನ ವಿಷಯದ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ನಾನು ಕೊಟ್ಟುಕೊಂಡ ಸಮಾಧಾನ. ಇನ್ನೂ ನಾಚಿಕೆಯ ಸಂಗತಿಯೊಂದಿದೆ. ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು ೧೯೯೦ರ ದಶಕದ ಉತ್ತರಾರ್ಧದಲ್ಲಿ ಸುರಭಿಯ ಕಲಾವಿದರೊಡನೆ ಕೆಲಸ ಮಾಡಿ 'ಭೀಷ್ಮ', ಬ್ರೆಕ್ಟನ ನಾಟಕವನ್ನು ಆಧರಿಸಿದ 'ಬಸ್ತೀ ದೇವತಾ ಯಾದಮ್ಮ' ಮುಂತಾದವನ್ನು ರಂಗಕ್ಕೆ ತಂದರು. ನನ್ನ ಪ್ರಬಂಧದ ವಿಷಯ ಕಣ್ಣೆದುರು ನಡೆದಾಡುತ್ತಿತ್ತು. ನಾನು ಅದರ ಅಡಿಟಿಪ್ಪಣಿಗಳನ್ನು ತಿದ್ದುತ್ತಿದ್ದೆ. ಕಾರಂತರು ೨೦೦೨ರಲ್ಲಿ ತೀರಿಕೊಂಡರು. ನಾನು ಸುರಭಿಯ ಆಟವನ್ನು ಮೊದಲು ನೋಡಿದ್ದು ಅದಾದ ನಾಲ್ಕು ವರ್ಷಗಳ ಮೇಲೆ.

ಅಂದು ನನ್ನೊಡನೆ ಎಂಟು ಮಂದಿ ಎಂ.ಎ. ವಿದ್ಯಾರ್ಥಿಗಳಿದ್ದರು. ಆಡಿದ್ದು 'ಮಾಯಾಬಜಾರ್'. ನಾರದನು ಮೇಲಿನಿಂದ ತೇಲಿ ಇಳಿದ. ಎದುರುಬದುರಾಗಿ ಬಂದ ಬಾಣಗಳು ನಡುವೆ ತಾಗಿ ಕಿಡಿ ಸಿಡಿದವು. ಅರಮನೆಯ ಪರದೆ ಮೇಲೆ ಸುತ್ತಿಕೊಂಡು ಕಾಡಿನ ಪರದೆ ಇಳಿಯಿತು. ಆಟ ಮುಗಿದ ಮೇಲೆ ಒಳಗೆ ಹೋದೆವು. ಆಗಷ್ಟೇ ಕಿರೀಟ ತೆಗೆದಿದ್ದ ನಟರೊಬ್ಬರು ಮುಖದ ಬಣ್ಣವನ್ನೂ ಒರೆಸಿಕೊಳ್ಳದೆ ವೈರುಗಳನ್ನು ಸುತ್ತುತ್ತಿದ್ದರು. ಬೀದರ ಕಡೆಯ ವಿದ್ಯಾರ್ಥಿಯೊಬ್ಬ ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದವನು ನನ್ನ ಬಳಿಗೆ ಬಂದು, "ಸರ, ಇದು ನಮ್ಮೂರ ಜಾತ್ರಿ ನಾಟಕ ಇದ್ದಂಗೇ ಅದರಿ. ನಮ್ಮ ಮಾವ ಪೇಟಿ ಬಾರಸ್ತಾನ್ರಿ. ನೀವು ಕ್ಲಾಸಿನಾಗ ಹೇಳಾದು ಇದೇ ಅಂತ ನನಗ ಗೊತ್ತೇ ಆಗಿದ್ದಿಲ್ರಿ" ಎಂದ.

ಎರಡು ವರ್ಷ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹುಡುಗ ಅವನು. ವೃತ್ತಿರಂಗಭೂಮಿಯ ಮೇಲಿನ ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದಿದ್ದ. ಅವನಿಗೆ ವಿಷಯ ಗೊತ್ತಿರಲಿಲ್ಲವೆಂದಲ್ಲ. ಅವನಿಗೆ ಗೊತ್ತಿದ್ದುದು ಮತ್ತು ನಾನು ಕಲಿಸುತ್ತಿದ್ದುದು ಒಂದೇ ಎಂಬುದನ್ನು ನಾನು ಅವನಿಗೆ ಕಾಣಿಸಿರಲಿಲ್ಲ. ಓದುಬರಹವಿಲ್ಲದೆಯೂ ಕಾವ್ಯದ ಬಳಕೆಯಲ್ಲಿ ನುರಿತವರು ಈ ನಾಡಿನ ಜನರೆಂದು 'ಕವಿರಾಜಮಾರ್ಗ'ಕಾರನು ಹೇಳಿದ್ದನ್ನು ಪ್ರತಿವರ್ಷ ಹೆಮ್ಮೆಯಿಂದ ಪಾಠ ಮಾಡುವ ನಾನು, ಅಂಥವರ ಮನೆಯ ಹುಡುಗ ಎದುರಿಗೆ ಕುಳಿತಾಗ ಅವನನ್ನು ಒಂದು ಮಾತೂ ಕೇಳಲಿಲ್ಲ. ಕೇಳಲು ನನಗೆ ಆ ಸಂಜೆ ಬೇಕಾಯಿತು.

೪

ಚಿಕ್ಕ ರಂಗಮಂದಿರವೇ ಏಕೆ ಎಂಬ ಪ್ರಶ್ನೆ ಸಹಜ. ಇದಕ್ಕೂ ಭರತನಲ್ಲಿ ಉತ್ತರವಿದೆ. ನಾಟ್ಯಮಂಟಪಗಳ ಅಳತೆಗಳನ್ನು ಹೇಳುವಾಗ ಆತ ೧೦೮ ಹಸ್ತದ ದೊಡ್ಡ ಮಂಟಪವನ್ನು ದೇವತೆಗಳಿಗೆ ಬಿಟ್ಟು, ಮನುಷ್ಯರಿಗೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲದ ಮಧ್ಯಮ ಮಂಟಪವೇ ತಕ್ಕದ್ದೆನ್ನುತ್ತಾನೆ. ಹಸ್ತವನ್ನು ಒಂದೂವರೆ ಅಡಿಯೆಂದು ಹಿಡಿದರೆ ಇದು ಸುಮಾರು ೯೬ ಅಡಿಗೆ ೪೮ ಅಡಿ. ಇದಕ್ಕಿಂತ ದೊಡ್ಡದಾದರೆ ಮಾತು ಒಡೆದು ಕೇಳುತ್ತದೆ, ಮುಖದ ಭಾವ ಕಾಣದೆ ಹೋಗುತ್ತದೆ ಎಂಬುದು ಆತ ಕೊಡುವ ಕಾರಣ. ೧೯೬೧ರಲ್ಲಿ ಆರಂಭವಾದ ರವೀಂದ್ರ ಭಾರತಿಯ ದೊಡ್ಡ ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತು ನಾಟಕ ನೋಡಿದವರಿಗೆ ಈ ಮಾತಿನ ಸತ್ಯ ಬೇರೆ ಹೇಳಬೇಕಾಗಿಲ್ಲ. ಬಂಜಾರಾ ಹಿಲ್ಸಿನಲ್ಲಿ ೨೦೧೦ರಲ್ಲಿ ಆರಂಭವಾದ ಲಾಮಕಾನಿನ ಬಯಲುರಂಗದಲ್ಲಿ ಹತ್ತು ಅಡಿ ದೂರದಲ್ಲಿ ನಟನ ಉಸಿರು ಕೇಳಿಸುತ್ತದೆ. ಅವನಿಗೆ ನಮ್ಮ ಕೆಮ್ಮೂ ಕೇಳಿಸುತ್ತದೆ. ಭಾಷೆ ಎರಡೂ ಕಡೆಯಿಂದ ನಡೆಯುವ ವ್ಯವಹಾರವೆಂಬುದು ಅಂಥಲ್ಲಿ ಅನುಭವಕ್ಕೆ ಬರುತ್ತದೆ.

ಇಲ್ಲಿ ಕನ್ನಡದ ಪ್ರಶ್ನೆ ಬರುತ್ತದೆ. ಒಂದು ಭಾಷೆಯ ಆಟ ಇನ್ನೊಂದು ಭಾಷೆಗೆ ಹೋಗುವುದು ಹೊಸದಲ್ಲ. ಅದರಿಂದ ಹೆದರಬೇಕಾದುದೂ ಇಲ್ಲ. ಹೊನ್ನಾವರದ ಬಳಿಯ ಕರ್ಕಿಯ ಮೇಳದ ಆಟ ಸಾಂಗ್ಲಿಯಲ್ಲಿ ನೀಡಿದ ಪ್ರೇರಣೆಯಿಂದ ೧೮೪೩ರಲ್ಲಿ ವಿಷ್ಣುದಾಸ ಭಾವೆಯವರ 'ಸೀತಾಸ್ವಯಂವರ' ಹುಟ್ಟಿ ಮರಾಠಿ ರಂಗಭೂಮಿಗೆ ನಾಂದಿಯಾಯಿತು. ಕಂಪನಿ ನಾಟಕವಾಗಿದ್ದ 'ಬೇಡರ ಕಣ್ಣಪ್ಪ' ೧೯೫೪ರಲ್ಲಿ ಚಿತ್ರವಾಯಿತು. ಅದೇ ವರ್ಷ 'ಕಾಳಹಸ್ತಿ ಮಹಾತ್ಮ್ಯಂ' ಎಂದು ತೆಲುಗಿಗೂ ಬಂತು. ರಾಜಕುಮಾರರು ನಟಿಸಿದ ಒಂದೇ ತೆಲುಗು ಚಿತ್ರವದು. ಆಗ ಅದೇ ನಟ ಮತ್ತೊಮ್ಮೆ ಮತ್ತೊಂದು ಭಾಷೆಯಲ್ಲಿ ಅಭಿನಯಿಸಬೇಕಿತ್ತು. ಈಗ ಧ್ವನಿಯನ್ನಷ್ಟೇ ಬದಲಿಸಿದರೆ ಸಾಕು. ೨೦೨೨ರ ಸೆಪ್ಟೆಂಬರ್ ೩೦ರಂದು ಕನ್ನಡದಲ್ಲಿ ಬಿಡುಗಡೆಯಾದ 'ಕಾಂತಾರ' ಎರಡು ವಾರಗಳಲ್ಲಿ ತೆಲುಗಿನ ಮಾತು ತೊಟ್ಟು ಈ ನಗರಕ್ಕೆ ಬಂತು. ಮಗಳೊಡನೆ ನಾನೂ ನೋಡಿದೆ. ಕರಾವಳಿಯ ದೈವದ ಕೂಗಿಗೆ ಇಡೀ ಚಿತ್ರಮಂದಿರ ಸ್ತಬ್ಧವಾದಾಗ ನನಗೆ ಹೆಮ್ಮೆಯಾದದ್ದು ನಿಜ. ಹೊರಗೆ ಬಂದ ಮೇಲೆ, "ಕನ್ನಡದ್ದೇ ನೋಡಬಹುದಿತ್ತಲ್ಲಮ್ಮ" ಎಂದೆ. "ಅಪ್ಪಾ, ಕನ್ನಡದಲ್ಲಾಗಿದ್ದರೆ ನನಗೆ ಕೆಳಗಿನ ಬರಹ ಓದಬೇಕಾಗುತ್ತಿತ್ತು" ಎಂದಳು.

ಕನ್ನಡ ಪ್ರಾಧ್ಯಾಪಕನ ಮಗಳು ಹೇಳಿದ ಮಾತು ಇದು. ಅವಳ ಮೇಲೆ ನಾನು ತಪ್ಪು ಹೊರಿಸಲಾರೆ. ಮನೆಯಲ್ಲಿ ಅವಳು ಕನ್ನಡ ಆಡುತ್ತಾಳೆ. ಆದರೆ ಊಟ, ಔಷಧ, ಶಾಲೆಯ ಶುಲ್ಕ ಇವುಗಳ ಕನ್ನಡವದು. ನೂರು ಜನರ ನಡುವೆ ಕುಳಿತು ಕನ್ನಡದಲ್ಲಿ ನಕ್ಕ, ಕನ್ನಡದಲ್ಲಿ ಕಣ್ಣೊರೆಸಿಕೊಂಡ ಸಂಜೆಗಳನ್ನು ನಾವು ಅವಳಿಗೆ ಕೊಡಲಿಲ್ಲ. ಹೊರನಾಡಿನಲ್ಲಿ ಭಾಷೆ ಉಳಿಯಲು ಮನೆ ಸಾಲದು, ಶಾಲೆಯೂ ಸಾಲದು. ಅಪರಿಚಿತರೊಡನೆ ಆ ಭಾಷೆಯನ್ನು ಹಂಚಿಕೊಳ್ಳುವ ಒಂದು ಸ್ಥಳ ಬೇಕು. ಆ ಸ್ಥಳ ದೊಡ್ಡದಾಗಿರಬೇಕಾಗಿಲ್ಲ.

೫

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾನು ಬಲ್ಲೆ. ಎಲ್ಲವೂ ಕೈಯೊಳಗಿನ ದೂರವಾಣಿಯಲ್ಲೇ ದೊರೆಯುವಾಗ ಹೊರಗೇಕೆ ಹೋಗಬೇಕೆಂಬುದು ಒಂದು. ಪ್ರೇಕ್ಷಕರಿಲ್ಲವೆಂದು ತೆಲಂಗಾಣದ ಅನೇಕ ಏಕಪರದೆ ಚಿತ್ರಮಂದಿರಗಳು ೨೦೨೪ರ ಮೇ ತಿಂಗಳಲ್ಲಿ ಸುಮಾರು ಹತ್ತು ದಿನ ಬಾಗಿಲು ಮುಚ್ಚಿದ್ದನ್ನು ನೋಡಿದರೆ, ಜನ ಈ ಪ್ರಶ್ನೆಗೆ ತಮ್ಮ ಉತ್ತರವನ್ನು ಕೊಟ್ಟುಬಿಟ್ಟಿದ್ದಾರೆ ಎನ್ನಿಸಬಹುದು. ಒಬ್ಬನೇ ನೋಡುವಾಗ ಕಥೆ ತಿಳಿಯುತ್ತದೆ, ನಿಜ. ಆದರೆ ಭರತನು ಸಿದ್ಧಿಯೆಂದು ಕರೆದುದು ಒಬ್ಬನಲ್ಲಿ ಸಂಭವಿಸುವುದಿಲ್ಲ. ಪಕ್ಕದವನ ನಗು ನಮ್ಮ ನಗುವನ್ನು ತಿದ್ದುತ್ತದೆ. ಸಹೃದಯ ಎಂಬ ಪದದಲ್ಲಿರುವ 'ಸಹ'ಕ್ಕೆ ಹೀಗೂ ಒಂದು ಅರ್ಥವನ್ನು ಕೊಡಬಹುದು.

ಸುರಕ್ಷತೆಯ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ೨೦೨೪ರ ಡಿಸೆಂಬರ್ ೪ರ ರಾತ್ರಿ ಆರ್‌ಟಿಸಿ ಕ್ರಾಸ್‌ರೋಡ್ಸಿನಲ್ಲಿ 'ಪುಷ್ಪ ೨' ಚಿತ್ರದ ಮುನ್ನಾದಿನದ ಪ್ರದರ್ಶನಕ್ಕೆ ಸೇರಿದ ಜನರ ನೂಕುನುಗ್ಗಲಿನಲ್ಲಿ ಒಬ್ಬ ತಾಯಿ ಪ್ರಾಣ ಕಳೆದುಕೊಂಡರು. ಅವರ ಮಗ ತೀವ್ರವಾಗಿ ಗಾಯಗೊಂಡ. ನಾನು ಮೂವತ್ತೈದು ವರ್ಷಗಳಿಂದ ಪ್ರೀತಿಸುತ್ತ ಬಂದಿರುವ ಬೀದಿ ಅದು. ಆ ಸುದ್ದಿಯನ್ನು ಓದಿದ ಮೇಲೆ ಸೀಟಿ, ಕೋಲಾಹಲಗಳನ್ನು ಕುರಿತು ಮೊದಲಿನಷ್ಟು ಹಗುರವಾಗಿ ಮಾತನಾಡಲು ನನಗೆ ಸಾಧ್ಯವಾಗುತ್ತಿಲ್ಲ. ಪ್ರೇಕ್ಷಕ ಸಮುದಾಯ ಬೇರೆ, ಗುಂಪು ಬೇರೆ. ತಾರೆಯ ಮುಖ ನೋಡಲು ನುಗ್ಗುವವರು ಗುಂಪು. ಒಬ್ಬರ ಮುಖ ಒಬ್ಬರಿಗೆ ಕಾಣುವಷ್ಟು ಜನ ಕುಳಿತಾಗ ಸಮುದಾಯ. ಚಿಕ್ಕ ಮಂದಿರದ ಪರವಾಗಿ ನಾನು ವಾದಿಸುವುದಕ್ಕೆ ಇದೂ ಒಂದು ಕಾರಣ. ಹೆಣ್ಣುಮಕ್ಕಳು ರಾತ್ರಿ ಹಿಂದಿರುಗುವ ಚಿಂತೆಯೂ ನ್ಯಾಯವಾದುದು. ನಾವು ಹುಡುಗರು ಸೆಕೆಂಡ್ ಶೋ ನೋಡುತ್ತಿದ್ದ ಕಾಲದಲ್ಲಿ ನಮ್ಮ ಸಹಪಾಠಿನಿಯರು ವಸತಿಗೃಹದ ಬಾಗಿಲಿನ ಒಳಗಿದ್ದರು ಎಂಬುದನ್ನು ಮರೆತು ಆ ದಿನಗಳನ್ನು ಹೊಗಳುವುದು ಸಲ್ಲದು. ಈಗ ಮೆಟ್ರೋ ರೈಲು ಕ್ರಾಸ್‌ರೋಡ್ಸಿಗೂ ನಾಂಪಲ್ಲಿಗೂ ಬಂದಿದೆ. ೨೦೨೩ರ ಡಿಸೆಂಬರಿನಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿದೆ. ಸಂಜೆ ಆರೂವರೆಯ ಆಟಕ್ಕೆ ಹೋಗಿ ಒಂಬತ್ತೂವರೆಗೆ ಒಟ್ಟಾಗಿ ಹಿಂದಿರುಗುವುದು ಸಾಧ್ಯವಿದೆ. ಅಧ್ಯಾಪಕರು ಜೊತೆಗಿರಬೇಕು, ಅಷ್ಟೇ.

ಆದ್ದರಿಂದ ಮೂರು ಸಲಹೆಗಳನ್ನು ವಿಭಾಗದ ಮುಂದಿಡುತ್ತೇನೆ. ಮೊದಲನೆಯದಾಗಿ, ನಾಟಕವನ್ನು ಪಠ್ಯವಾಗಿ ಓದುವ ಪ್ರತಿ ವಿದ್ಯಾರ್ಥಿಯೂ ಆ ಅವಧಿಯಲ್ಲಿ ಕನಿಷ್ಠ ನಾಲ್ಕು ಆಟಗಳನ್ನು ನೋಡಿ, ರಂಗದ ಮೇಲೆ ನಡೆದುದನ್ನಲ್ಲದೆ ಪ್ರೇಕ್ಷಕರ ನಡುವೆ ನಡೆದುದನ್ನೂ ಬರೆದುಕೊಡಬೇಕು, ಅದಕ್ಕೆ ಅಂಕಗಳಿರಬೇಕು. ಆಟ ಯಾವ ಭಾಷೆಯದೆಂಬ ನಿರ್ಬಂಧ ಬೇಡ. ಬರವಣಿಗೆ ಮಾತ್ರ ಕನ್ನಡದಲ್ಲಿರಲಿ. ಎರಡನೆಯದಾಗಿ, ಈ ನಗರದ ಹಿರಿಯ ಕನ್ನಡಿಗರು ಯಾವ ಟಾಕೀಸಿನಲ್ಲಿ, ಯಾವ ಮಂದಿರದಲ್ಲಿ ಏನು ನೋಡಿದರೆಂಬುದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸವನ್ನು ಸಂಶೋಧನ ವಿದ್ಯಾರ್ಥಿಗಳು ಕೈಗೊಳ್ಳಬೇಕು. ಎಂಬತ್ತು ದಾಟಿದವರು ಇನ್ನೂ ನಮ್ಮೊಡನಿದ್ದಾರೆ. ಈ ಕೆಲಸ ತಡಮಾಡುವಂಥದ್ದಲ್ಲ. ಮೂರನೆಯದಾಗಿ, ತಿಂಗಳಿಗೊಂದು ಸಂಜೆ ನಗರದ ಯಾವುದಾದರೂ ಕನ್ನಡ ಸಂಸ್ಥೆಯ ಸಹಕಾರ ಪಡೆದು ಒಂದು ಕನ್ನಡ ಆಟ ನಡೆಯಬೇಕು. ನಾಟಕವಾಗದಿದ್ದರೆ ನಾಟಕದ ಓದು. ಅದೂ ಆಗದಿದ್ದರೆ ಒಂದು ಹಳೆಯ ಚಿತ್ರ. ಐವತ್ತು ಕುರ್ಚಿ ತುಂಬಿದರೆ ಸಾಕು.

ಬೀದರ ಕಡೆಯ ಆ ವಿದ್ಯಾರ್ಥಿ ಈಗ ತನ್ನ ತಾಲ್ಲೂಕಿನ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕ. ಕಳೆದ ವರ್ಷ ಜಾತ್ರೆಯ ನಾಟಕಕ್ಕೆ ತನ್ನ ತರಗತಿಯ ಮಕ್ಕಳನ್ನು ಕರೆದೊಯ್ದೆನೆಂದೂ, ಮಾವನಿಗೆ ವಯಸ್ಸಾಗಿದ್ದರೂ ಪೇಟಿಯ ಮುಂದೆ ಅವರೇ ಕುಳಿತಿದ್ದರೆಂದೂ ದೂರವಾಣಿಯಲ್ಲಿ ತಿಳಿಸಿದ. "ನೀವೂ ಬರ್ರಿ ಸರ" ಎಂದು ಕರೆದಿದ್ದಾನೆ. ಬರುವ ಜಾತ್ರೆಗೆ ಮಗಳನ್ನೂ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅಲ್ಲಿ ಕೆಳಗೆ ಬರಹ ಇರುವುದಿಲ್ಲ. ತಿಳಿಯದಿದ್ದಲ್ಲಿ ಅವಳು ಪಕ್ಕದಲ್ಲಿ ಕುಳಿತವರನ್ನು ಕೇಳಬೇಕಾಗುತ್ತದೆ.